ಬೆನ್ನಿಗೆ ಐದು, ಹೊಟ್ಟೆಗೆ ಐದು: ಪ್ರಥಮ ಚಿಕಿತ್ಸೆಯ ಪಾಠ ಬದಲಾದದ್ದೇಕೆ?

ಗಂಟಲಲ್ಲಿ ತುತ್ತು ಸಿಕ್ಕಿಕೊಂಡವರ ಬೆನ್ನಿಗೆ ಗುದ್ದಬಾರದು, ಹಿಂದಿನಿಂದ ತಬ್ಬಿ ಹಿಡಿದು ಹೊಟ್ಟೆಯನ್ನೇ ಒತ್ತಬೇಕು ಎಂದು ಪ್ರಥಮ ಚಿಕಿತ್ಸೆಯ ತರಗತಿಗಳಲ್ಲಿ ಎರಡು ತಲೆಮಾರಿನವರು ಕಲಿತಿದ್ದಾರೆ. 2025ರ ಅಕ್ಟೋಬರ್‌ನಲ್ಲಿ ಅಮೆರಿಕನ್ ಹಾರ್ಟ್ ಅಸೋಸಿಯೇಷನ್ ಹೊರಡಿಸಿದ ಹೊಸ ಮಾರ್ಗಸೂಚಿ ಈ ಪಾಠವನ್ನು ತಿದ್ದಿತು. ದೊಡ್ಡವರಾಗಲಿ ಮಕ್ಕಳಾಗಲಿ, ಮೊದಲು ಬೆನ್ನಿಗೆ ಐದು ಹೊಡೆತ, ಆಮೇಲೆ ಹೊಟ್ಟೆಗೆ ಐದು ಒತ್ತು. ಸಿಕ್ಕಿಕೊಂಡದ್ದು ಹೊರಬರುವವರೆಗೆ ಅಥವಾ ಪ್ರಜ್ಞೆ ತಪ್ಪುವವರೆಗೆ ಇದೇ ಸುತ್ತು. ಒಂದು ವರ್ಷದೊಳಗಿನ ಶಿಶುವಾದರೆ ಹೊಟ್ಟೆಯನ್ನು ಮುಟ್ಟುವಂತಿಲ್ಲ, ಬೆನ್ನಿಗೆ ಐದು ಹೊಡೆತದ ನಂತರ ಅಂಗೈಯ ಬುಡದಿಂದ ಎದೆಗೆ ಐದು ಒತ್ತು.

ನಿನ್ನೆಯವರೆಗೆ ತಪ್ಪಾಗಿದ್ದದ್ದು ಇಂದು ಸರಿ ಹೇಗಾಯಿತು ಎಂಬುದು ಓದುಗರ ಸಹಜ ಪ್ರಶ್ನೆ. ಹೀಗೆ ಬದಲಾಗುವ ಪಾಠವನ್ನು ಕಲಿಯುವುದಾದರೂ ಏಕೆ ಎಂದು ಕೈಬಿಡುವವರೂ ಇದ್ದಾರೆ. ಆದರೆ ಕಳೆದ ಕಾಲು ಶತಮಾನದಲ್ಲಿ ಆದ ಬದಲಾವಣೆಗಳನ್ನು ಸಾಲಾಗಿ ಇಟ್ಟು ನೋಡಿದರೆ ಅವುಗಳಲ್ಲಿ ಹೆಚ್ಚಿನವು ಒಂದೇ ದಿಕ್ಕಿಗೆ ಹೋಗುತ್ತಿರುವುದು ಕಾಣುತ್ತದೆ. ಪಕ್ಕದಲ್ಲಿ ನಿಂತವರು ಅನುಮಾನಿಸುತ್ತಾ ಕಳೆಯುವ ಅರ್ಧ ನಿಮಿಷವನ್ನು ಹೇಗಾದರೂ ಉಳಿಸಬೇಕು ಎಂಬುದೇ ಆ ದಿಕ್ಕು.

ಒಂದು ತುತ್ತಿನ ಸುತ್ತ ನಡೆದ ಜಗಳ

1963ರಲ್ಲಿ ರೋಜರ್ ಹೌಗನ್ ಎಂಬ ಅಮೆರಿಕದ ವೈದ್ಯರು ಒಂದು ವಿಚಿತ್ರವನ್ನು ದಾಖಲಿಸಿದರು. ಹೋಟೆಲಿನಲ್ಲಿ ಊಟ ಮಾಡುತ್ತಿದ್ದಾಗಲೇ ಕುಸಿದು ಸತ್ತವರನ್ನು ಹೃದಯಾಘಾತದ ಲೆಕ್ಕಕ್ಕೆ ಸೇರಿಸಲಾಗಿತ್ತು. ಶವಪರೀಕ್ಷೆಯಲ್ಲಿ ನೋಡಿದರೆ ಅವರ ಶ್ವಾಸಮಾರ್ಗದಲ್ಲಿ ತುತ್ತು ಇತ್ತು. ಈ ಸಾವಿಗೆ ‘ಕೆಫೆ ಕರೋನರಿ’ (ಹೋಟೆಲಿನ ಹೃದಯಾಘಾತ) ಎಂಬ ಹೆಸರು ಅಂಟಿಕೊಂಡಿತು.

1974ರಲ್ಲಿ ಶಸ್ತ್ರವೈದ್ಯ ಹೆನ್ರಿ ಹೈಮ್ಲಿಕ್ ಇದಕ್ಕೊಂದು ಉಪಾಯ ಸೂಚಿಸಿದರು. ಹೊಕ್ಕುಳಿನ ಮೇಲೆ, ಎದೆಗೂಡಿನ ಕೆಳಗೆ ಮುಷ್ಟಿಯಿಟ್ಟು ಒಳಕ್ಕೂ ಮೇಲಕ್ಕೂ ಝಾಡಿಸಿ ಒತ್ತಿದರೆ ವಪೆ (ಎದೆಗೂ ಹೊಟ್ಟೆಗೂ ನಡುವಿನ ಸ್ನಾಯುವಿನ ಪರದೆ) ಮೇಲೇಳುತ್ತದೆ, ಶ್ವಾಸಕೋಶದಲ್ಲಿ ಉಳಿದಿರುವ ಗಾಳಿ ತುತ್ತನ್ನು ಬಿರಡೆಯಂತೆ ಹೊರಗೆ ತಳ್ಳುತ್ತದೆ. ಉಪಾಯ ಒಳ್ಳೆಯದೇ. ಆದರೆ ಅವರು ಅಷ್ಟಕ್ಕೆ ನಿಲ್ಲಲಿಲ್ಲ. ಬೆನ್ನಿಗೆ ಹೊಡೆದರೆ ತುತ್ತು ಇನ್ನೂ ಆಳಕ್ಕೆ ಇಳಿದು ಸಾವೇ ಗತಿ ಎಂದು ವರ್ಷಗಟ್ಟಲೆ ಪ್ರಚಾರ ಮಾಡಿದರು. 1985ರಲ್ಲಿ ಅಮೆರಿಕದ ಸರ್ಜನ್ ಜನರಲ್, ಅಂದರೆ ಸರ್ಕಾರದ ಪ್ರಮುಖ ಆರೋಗ್ಯ ವಕ್ತಾರ, ಸಿ. ಎವರೆಟ್ ಕೂಪ್ ಕೂಡ ಅದೇ ಮಾತನ್ನು ಎತ್ತಿ ಹಿಡಿದರು. ಅಮೆರಿಕನ್ ಹಾರ್ಟ್ ಅಸೋಸಿಯೇಷನ್ ದೊಡ್ಡವರ ಪಾಠದಿಂದ ಬೆನ್ನಿನ ಹೊಡೆತವನ್ನು ತೆಗೆದೇ ಹಾಕಿತು.

ಯುರೋಪಿನಲ್ಲಿ ಹೀಗಾಗಲಿಲ್ಲ. ತುರ್ತಿನಲ್ಲಿ ಜೀವ ಉಳಿಸುವ ಮಾರ್ಗಸೂಚಿ ರೂಪಿಸುವ ಅಲ್ಲಿನ ರಿಸಸಿಟೇಷನ್ ಕೌನ್ಸಿಲ್ ಬೆನ್ನಿಗೆ ಐದು, ಫಲಿಸದಿದ್ದರೆ ಹೊಟ್ಟೆಗೆ ಐದು ಎಂದೇ ಕಲಿಸುತ್ತಾ ಬಂತು. ಅಮೆರಿಕನ್ ರೆಡ್ ಕ್ರಾಸ್ ಕೂಡ 2006ರ ವೇಳೆಗೆ ಇದೇ ಕ್ರಮಕ್ಕೆ ಮರಳಿತು. ಅಂದರೆ ಒಂದೇ ದೇಶದ ಎರಡು ಪ್ರತಿಷ್ಠಿತ ಸಂಸ್ಥೆಗಳು ಸುಮಾರು 20 ವರ್ಷ ಎರಡು ಬೇರೆ ಪಾಠ ಹೇಳಿಕೊಟ್ಟವು. 2025ರಲ್ಲಿ ಆದದ್ದು ಹೊಸ ಶೋಧವೇನೂ ಅಲ್ಲ, ಬೇರೆಯಾಗಿ ನಿಂತಿದ್ದವರು ಬಂದು ಸಾಲಿಗೆ ಸೇರಿದ್ದು.

ಇಷ್ಟು ಸಣ್ಣ ವಿಷಯ ಇತ್ಯರ್ಥವಾಗಲು ಇಷ್ಟು ಕಾಲ ಹಿಡಿದದ್ದಕ್ಕೆ ಕಾರಣವಿದೆ. ಉಸಿರು ಕಟ್ಟಿದವರನ್ನು ಎರಡು ಗುಂಪು ಮಾಡಿ, ಒಂದಕ್ಕೆ ಬೆನ್ನಿನ ಹೊಡೆತ, ಇನ್ನೊಂದಕ್ಕೆ ಹೊಟ್ಟೆಯ ಒತ್ತು ಎಂದು ಪ್ರಯೋಗ ನಡೆಸಲು ಸಾಧ್ಯವಿಲ್ಲ. ಎಲ್ಲವೂ ಕೆಲವೇ ನಿಮಿಷಗಳಲ್ಲಿ, ಊಟದ ಮೇಜಿನ ಪಕ್ಕದಲ್ಲಿ ಮುಗಿದುಹೋಗಿರುತ್ತದೆ. ಉಳಿಯುವುದು ಆಮೇಲೆ ಬಂದ ಆಂಬುಲೆನ್ಸ್ ಸಿಬ್ಬಂದಿ ಬರೆದುಕೊಂಡ ನಾಲ್ಕು ಸಾಲು ಮಾತ್ರ. ಕೆನಡಾದ ಆಲ್ಬರ್ಟಾ ಪ್ರಾಂತ್ಯದ ಅಂಥ ದಾಖಲೆಗಳನ್ನು ಒಟ್ಟುಗೂಡಿಸಿ ನೋಡಿದಾಗ ಬೆನ್ನಿನ ಹೊಡೆತಕ್ಕೆ ತುತ್ತು ಹೊರಬಂದ ಪ್ರಮಾಣ ಹೆಚ್ಚು, ಗಾಯ ಕಡಿಮೆ ಎಂದು ಕಂಡುಬಂತು. ಹೊಟ್ಟೆಯನ್ನು ಒತ್ತುವಾಗ ಪಕ್ಕೆಲುಬು, ಜಠರ, ಯಕೃತ್ತು, ಗುಲ್ಮಗಳಿಗೆ ಪೆಟ್ಟಾದ ಉದಾಹರಣೆಗಳು ಮೊದಲಿನಿಂದಲೂ ಇವೆ. ಹೊಟ್ಟೆ ಒತ್ತಿಸಿಕೊಂಡವರು ಚೇತರಿಸಿಕೊಂಡ ಮೇಲೂ ವೈದ್ಯರಿಗೆ ತೋರಿಸಬೇಕು ಎನ್ನುವುದು ಇದಕ್ಕೇ.

ಹಾಗೆಂದು ಹೊಟ್ಟೆಯ ಒತ್ತು ಸೋತಿತು ಎಂದಲ್ಲ. ಒಂದು ಚುರುಕಾದ ಧಕ್ಕೆ, ಇನ್ನೊಂದು ಗಾಳಿಯ ಒತ್ತಡ. ಒಂದಕ್ಕೆ ಜಗ್ಗದ್ದು ಇನ್ನೊಂದಕ್ಕೆ ಜಗ್ಗಬಹುದು. ತುಂಬು ಗರ್ಭಿಣಿಯರಿಗೆ, ಕೈಯಿಂದ ಸುತ್ತುವರಿಯಲಾಗದಷ್ಟು ದಪ್ಪಗಿರುವವರಿಗೆ ಹೊಟ್ಟೆಯ ಬದಲು ಎದೆಯ ನಡುವೆ ಒತ್ತುವುದು ಈಗಲೂ ಕ್ರಮ.

‘ನೆತ್ತಿಗೆ ಹತ್ತಿತು’ ಎಂಬ ಮಾತು ಮರೆಮಾಡುವುದು

ಬೆನ್ನು ಮೊದಲೋ ಹೊಟ್ಟೆ ಮೊದಲೋ ಎಂಬ ಚರ್ಚೆಗಿಂತ ಮುಂಚಿನ ಪ್ರಶ್ನೆ ಒಂದಿದೆ: ಈ ವ್ಯಕ್ತಿಗೆ ನಿಜವಾಗಿ ಉಸಿರು ಕಟ್ಟಿದೆಯೇ?

ಕನ್ನಡದಲ್ಲಿ ‘ನೆತ್ತಿಗೆ ಹತ್ತಿತು’ ಎಂದರೆ ಎಲ್ಲವೂ ಬಂತು. ನೀರು ಕುಡಿಯುವಾಗ ಕೆಮ್ಮು ಬಂದರೂ ಅದೇ ಮಾತು, ಮಾಂಸದ ತುಂಡು ಶ್ವಾಸನಾಳವನ್ನು ಮುಚ್ಚಿದರೂ ಅದೇ ಮಾತು. ಮೊದಲನೆಯದರಲ್ಲಿ ಗದ್ದಲವಿರುತ್ತದೆ: ಕೆಮ್ಮು, ಕಣ್ಣೀರು, ಕೆಂಪಾದ ಮುಖ. ಗಾಳಿ ಓಡಾಡುತ್ತಿದೆ ಎಂಬುದಕ್ಕೆ ಆ ಗದ್ದಲವೇ ಸಾಕ್ಷಿ. ಆಗ ಮಾಡಬೇಕಾದದ್ದು ಕೆಮ್ಮಲು ಬಿಡುವುದು, ಅಷ್ಟೆ. ಕೆಮ್ಮಿನಷ್ಟು ಬಲವಾದ ಹೊರತಳ್ಳುವಿಕೆ ನಮ್ಮ ಕೈಯಲ್ಲಿಲ್ಲ.

ಎರಡನೆಯದು ಸದ್ದಿಲ್ಲದೆ ನಡೆಯುತ್ತದೆ, ಅಪಾಯ ಇರುವುದು ಅಲ್ಲೇ. ನಾಲ್ಕು ಜನ ಕುಳಿತ ಮೇಜಿನಲ್ಲಿ ಒಬ್ಬರು ಮಾತನ್ನು ಅರ್ಧಕ್ಕೆ ನಿಲ್ಲಿಸುತ್ತಾರೆ. ಬಾಯಿ ತೆರೆದಿದೆ, ಶಬ್ದವಿಲ್ಲ. ಕೈ ಕುತ್ತಿಗೆಯ ಕಡೆ ಹೋಗುತ್ತದೆ. ಎಲ್ಲರೆದುರು ಅವಾಂತರ ಬೇಡವೆಂದು ಎದ್ದು ಶೌಚಾಲಯದ ಕಡೆ ನಡೆಯುತ್ತಾರೆ. ಕೈ ತೊಳೆಯಲು ಹೋದರು ಎಂದು ಉಳಿದವರು ಮಾತು ಮುಂದುವರಿಸುತ್ತಾರೆ. ಎದ್ದು ಹೋದವರ ಹಿಂದೆ ಹೋಗಿ ‘ಗಂಟಲಲ್ಲಿ ಏನಾದರೂ ಸಿಕ್ಕಿಕೊಂಡಿತೇ?’ ಎಂದು ಕೇಳುವುದೇ ಇಲ್ಲಿ ಪ್ರಥಮ ಚಿಕಿತ್ಸೆಯ ಮೊದಲ ಹೆಜ್ಜೆ. ಉತ್ತರ ಮಾತಿನಲ್ಲಿ ಬಂದರೆ ಗಾಳಿ ಇದೆ. ಬರೀ ತಲೆಯಾಡಿಸಿದರೆ ಮುಂದಕ್ಕೆ ಬಾಗಿಸಿ, ಒಂದು ಕೈಯಿಂದ ಎದೆಗೆ ಆಸರೆ ಕೊಟ್ಟು, ಹೆಗಲ ಮೂಳೆಗಳ ನಡುವೆ ಅಂಗೈಯ ಬುಡದಿಂದ ಜೋರಾಗಿ ಹೊಡೆಯಬೇಕು. ನೀರು ಕುಡಿಸುವುದು, ಕಾಣದ ತುತ್ತಿಗಾಗಿ ಬಾಯೊಳಗೆ ಬೆರಳಾಡಿಸುವುದು ಎರಡೂ ಕೆಡುಕು. ಪ್ರಜ್ಞೆ ತಪ್ಪಿ ಕುಸಿದರೆ ನೆಲದ ಮೇಲೆ ಮಲಗಿಸಿ ಸಿಪಿಆರ್ (ಎದೆ ಒತ್ತಿ, ಉಸಿರು ಊದಿ ಜೀವ ಹಿಡಿದಿಡುವ ಕ್ರಮ) ಶುರು ಮಾಡಬೇಕು.

ಹೃದಯಾಘಾತವೋ ಹೃದಯ ಸ್ತಂಭನವೋ

ಪದಗಳ ಗೊಂದಲ ಇಲ್ಲಿಗೆ ಮುಗಿಯುವುದಿಲ್ಲ. ಹಠಾತ್ತನೆ ಕುಸಿದು ಸತ್ತವರ ಸುದ್ದಿಯಲ್ಲೆಲ್ಲ ‘ಹೃದಯಾಘಾತ’ ಎಂದೇ ಬರೆಯುವ ಅಭ್ಯಾಸವಿದೆ. ಹೃದಯಾಘಾತವೆಂದರೆ ಹೃದಯದ ಸ್ನಾಯುವಿಗೆ ರಕ್ತ ಒಯ್ಯುವ ನಾಳ ಕಟ್ಟಿಕೊಳ್ಳುವುದು. ವ್ಯಕ್ತಿಗೆ ಎಚ್ಚರವಿರುತ್ತದೆ, ಮಾತನಾಡುತ್ತಾರೆ, ಎದೆ ಬಿಗಿಯುತ್ತಿದೆ ಎನ್ನುತ್ತಾರೆ, ಬೆವರುತ್ತಾರೆ. ನೋವು ತೋಳಿಗೆ, ಬೆನ್ನಿಗೆ, ದವಡೆಗೆ ಹರಿಯಬಹುದು. ಮಹಿಳೆಯರಲ್ಲಿ, ವಯಸ್ಸಾದವರಲ್ಲಿ, ಮಧುಮೇಹಿಗಳಲ್ಲಿ ಬರೀ ಏದುಸಿರು, ವಾಕರಿಕೆ, ವಿಪರೀತ ಸುಸ್ತಾಗಿಯೂ ಕಾಣಿಸಬಹುದು. ಇವರ ಎದೆಯನ್ನು ಒತ್ತಬಾರದು. ಇವರನ್ನು ಕೂರಿಸಿ, ನಡೆಸದೆ, ಆಂಬುಲೆನ್ಸ್ ಕರೆಯಬೇಕು. ಆಸ್ಪಿರಿನ್ ಅಲರ್ಜಿ ಇಲ್ಲದಿದ್ದರೆ, ಸಹಾಯವಾಣಿಯವರು ಹೇಳಿದರೆ, ಒಂದು ಮಾತ್ರೆ ಅಗಿಯಲು ಕೊಡಬಹುದು.

ಹೃದಯ ಸ್ತಂಭನ ಬೇರೆ. ಅಲ್ಲಿ ಹೃದಯದ ವಿದ್ಯುತ್ ವ್ಯವಸ್ಥೆಯೇ ದಿಕ್ಕೆಟ್ಟು ರಕ್ತ ಹರಿಯುವುದು ನಿಂತಿರುತ್ತದೆ. ಕೆಲವೇ ಸೆಕೆಂಡುಗಳಲ್ಲಿ ಪ್ರಜ್ಞೆ ಹೋಗುತ್ತದೆ. ಸಿಪಿಆರ್ ಇಲ್ಲದೆ ಕಳೆಯುವ ಪ್ರತಿ ನಿಮಿಷಕ್ಕೆ ಬದುಕುಳಿಯುವ ಸಾಧ್ಯತೆ ಶೇ 7ರಿಂದ 10ರಷ್ಟು ಕುಸಿಯುತ್ತದೆ ಎಂಬುದು ಬಹುಕಾಲದಿಂದ ಬಳಕೆಯಲ್ಲಿರುವ ಲೆಕ್ಕ. ಹೃದಯಾಘಾತವು ಸ್ತಂಭನಕ್ಕೆ ತಿರುಗಬಹುದು, ಎಲ್ಲ ಬಾರಿಯೂ ತಿರುಗುವುದಿಲ್ಲ. ಎರಡನ್ನೂ ಒಂದೇ ಹೆಸರಿನಿಂದ ಕರೆದದ್ದರ ಫಲವಾಗಿ, ಎಚ್ಚರವಿರುವವರ ಎದೆ ಒತ್ತಲು ಹೋಗುವವರೂ, ಎಚ್ಚರ ತಪ್ಪಿದವರ ಮುಖಕ್ಕೆ ನೀರು ಚಿಮುಕಿಸುತ್ತಾ ಕೂರುವವರೂ ಇದ್ದಾರೆ.

ಇನ್ನು ‘ಮೂರ್ಛೆ’. ನಿಂತಲ್ಲೇ ತಲೆ ಸುತ್ತಿ ಬಿದ್ದರೂ ಮೂರ್ಛೆ, ಅಪಸ್ಮಾರದ ಸೆಳೆತ ಬಂದರೂ ಮೂರ್ಛೆ. ಹೃದಯ ಸ್ತಂಭನವಾದ ಮೊದಲ ಕ್ಷಣಗಳಲ್ಲಿ ಮೆದುಳಿಗೆ ರಕ್ತ ನಿಂತು ಕೈಕಾಲು ಅದುರುವುದುಂಟು; ನೋಡಿದವರು ಅದನ್ನೂ ಮೂರ್ಛೆ ಎನ್ನುತ್ತಾರೆ. ತಲೆ ಸುತ್ತಿ ಬಿದ್ದವರು ಮಲಗಿದ ಒಂದೆರಡು ನಿಮಿಷದಲ್ಲಿ ಕಣ್ಣು ಬಿಡುತ್ತಾರೆ. ಸೆಳೆತ ಬಂದವರ ಬಾಯಿಗೆ ಏನನ್ನೂ ತುರುಕದೆ, ಕೈಕಾಲು ಅದುಮಿ ಹಿಡಿಯದೆ, ತಲೆಗೆ ಪೆಟ್ಟಾಗದಂತೆ ನೋಡಿಕೊಂಡು ಗಡಿಯಾರ ನೋಡಬೇಕು. ಐದು ನಿಮಿಷ ದಾಟಿದರೆ ಅದು ತುರ್ತು. ಅದುರುವುದು ನಿಂತ ಮೇಲೂ ಸಹಜ ಉಸಿರು ಬಾರದಿದ್ದರೆ ಅದನ್ನು ಹೃದಯ ಸ್ತಂಭನ ಎಂದೇ ತಿಳಿಯಬೇಕು.

ಉಸಿರಲ್ಲದ ಉಸಿರು

ಎಲ್ಲಕ್ಕಿಂತ ಹೆಚ್ಚು ದಾರಿ ತಪ್ಪಿಸುವುದು ಉಸಿರೇ. ಹೃದಯ ನಿಂತ ಮೇಲೂ ಮೆದುಳಿನ ಬುಡದಲ್ಲಿ ಒಂದಿಷ್ಟು ಜೀವ ಉಳಿದಿರುತ್ತದೆ. ಅಲ್ಲಿಂದ ಆಗೊಮ್ಮೆ ಈಗೊಮ್ಮೆ ಉಸಿರಿನ ಆಜ್ಞೆ ಹೊರಡುತ್ತದೆ. ದವಡೆ ಕೆಳಗಿಳಿದು ಬಾಯಿ ಮೀನಿನಂತೆ ತೆರೆಯುತ್ತದೆ. ಗೊರಕೆಯಂಥದೋ ನರಳಿದಂಥದೋ ಒಂದು ಸದ್ದು. ಆಮೇಲೆ ಐದಾರು ಸೆಕೆಂಡು ಏನೂ ಇಲ್ಲ. ಮತ್ತೊಮ್ಮೆ ಅದೇ ಸದ್ದು. ‘ಉಸಿರಾಡುತ್ತಿದ್ದಾರೆ, ಗಾಳಿ ಬಿಡಿ’ ಎಂದು ಸುತ್ತ ನಿಂತವರು ಸಮಾಧಾನ ಪಟ್ಟುಕೊಳ್ಳುತ್ತಾರೆ. ಸಹಾಯವಾಣಿಗೆ ಕರೆ ಮಾಡಿದವರೂ ‘ಹೌದು, ಉಸಿರಿದೆ’ ಎಂದುಬಿಡುತ್ತಾರೆ. ಆ ಒಂದು ಉತ್ತರದಿಂದ ಸಿಪಿಆರ್ ಸೂಚನೆ ಸಿಗದೇ ಹೋಗಬಹುದು.

ಹೀಗಾಗಿಯೇ ಮಾರ್ಗಸೂಚಿಗಳು ‘ಉಸಿರು ಇದೆಯೇ’ ಎಂದು ಕೇಳುವುದನ್ನು ಬಿಟ್ಟು ‘ಉಸಿರು ಸಹಜವಾಗಿದೆಯೇ’ ಎಂದು ಕೇಳುತ್ತವೆ. ಸಹಜವೋ ಅಲ್ಲವೋ ಎಂಬ ಅನುಮಾನ ಬಂದರೆ ಅಲ್ಲ ಎಂದೇ ಭಾವಿಸಿ ಮುಂದುವರಿಯಬೇಕು. 2025ರ ಅಕ್ಟೋಬರ್‌ನಲ್ಲೇ ಬಂದ ಯುರೋಪಿನ ಮಾರ್ಗಸೂಚಿ ಇನ್ನೂ ಒಂದು ಹೆಜ್ಜೆ ಮುಂದಿಟ್ಟಿತು. ಅಲುಗಿಸಿ ಕೂಗಿದರೂ ಪ್ರತಿಕ್ರಿಯೆ ಇಲ್ಲವೆಂದರೆ ಉಸಿರನ್ನು ಪರೀಕ್ಷಿಸುವ ಮೊದಲೇ ಕರೆ ಮಾಡಿ, ಮೊಬೈಲನ್ನು ಸ್ಪೀಕರಿಗೆ ಹಾಕಿ ಪಕ್ಕದಲ್ಲಿಡಿ, ಉಸಿರನ್ನು ಸಹಾಯವಾಣಿಯವರ ಜೊತೆ ಮಾತನಾಡುತ್ತಲೇ ನೋಡಿ ಎನ್ನುತ್ತದೆ ಅದು. ನಿರ್ಧಾರದ ಅರ್ಧ ಭಾರವನ್ನು ಫೋನಿನ ಆ ತುದಿಯಲ್ಲಿರುವ ತರಬೇತಾದವರ ಹೆಗಲಿಗೆ ದಾಟಿಸುವ ಏರ್ಪಾಡು ಇದು.

ಪಾಠ ಕಿರಿದಾಗುತ್ತಾ ಬಂದ ಬಗೆ

ಇದೇ ಎಳೆ ಹಿಂದಿನ ಬದಲಾವಣೆಗಳಲ್ಲೂ ಇದೆ. ಎದೆಯನ್ನು ಹೊರಗಿನಿಂದ ಒತ್ತಿ ರಕ್ತ ಓಡಿಸಬಹುದು ಎಂಬುದನ್ನು 1960ರಲ್ಲಿ ಅಮೆರಿಕದ ಜಾನ್ಸ್ ಹಾಪ್‌ಕಿನ್ಸ್ ವಿಶ್ವವಿದ್ಯಾಲಯದ ಕೌವೆನ್‌ಹೋವೆನ್, ಜೂಡ್, ನಿಕರ್‌ಬಾಕರ್ ಪ್ರಕಟಿಸಿದಾಗ ಅವರು ಒತ್ತಿ ಹೇಳಿದ್ದು ಇದಕ್ಕೆ ಬೇಕಾದದ್ದು ಎರಡು ಕೈ ಮಾತ್ರ ಎಂದು. ಆಮೇಲಿನ ದಶಕಗಳಲ್ಲಿ ಪಾಠಕ್ಕೆ ಮೆಟ್ಟಿಲುಗಳು ಸೇರಿಕೊಂಡವು: ಶ್ವಾಸಮಾರ್ಗ ತೆರೆ, ಉಸಿರು ಊದು, ನಾಡಿ ನೋಡು, ಆಮೇಲೆ ಎದೆ ಒತ್ತು. ಗಾಬರಿಯಲ್ಲಿರುವ ಸಾಮಾನ್ಯರಿಗೆ ಇನ್ನೊಬ್ಬರ ಕುತ್ತಿಗೆಯ ನಾಡಿ ಹುಡುಕುವುದು ಆಗದ ಕೆಲಸ. ತಮ್ಮದೇ ಬೆರಳ ತುದಿಯ ಮಿಡಿತವನ್ನು ರೋಗಿಯದೆಂದು ಭ್ರಮಿಸುವುದೂ ಉಂಟು. 2000ದಲ್ಲಿ ಸಾಮಾನ್ಯರ ಪಾಠದಿಂದ ನಾಡಿ ಪರೀಕ್ಷೆ ಹೋಯಿತು. 2008ರಲ್ಲಿ, ಬಾಯಿಗೆ ಬಾಯಿ ಇಡಲು ಅಳುಕುವವರು ಎದೆಯನ್ನಷ್ಟೇ ಒತ್ತಿದರೂ ಆದೀತು ಎಂದು ಅಮೆರಿಕನ್ ಹಾರ್ಟ್ ಅಸೋಸಿಯೇಷನ್ ಹೇಳಿತು. 2010ರಲ್ಲಿ ಕ್ರಮವೇ ತಿರುಗಿ ಎದೆ ಒತ್ತುವುದು ಮೊದಲಿಗೆ ಬಂತು. ನಿಮಿಷಕ್ಕೆ 100ರಿಂದ 120 ಬಾರಿ, ದೊಡ್ಡವರಿಗೆ ಐದರಿಂದ ಆರು ಸೆಂಟಿಮೀಟರ್ ಆಳ ಎಂಬುದು ಮಾತ್ರ ಹತ್ತು ವರ್ಷಗಳಿಂದ ಹಾಗೇ ಇದೆ.

ಉಸಿರು ಊದುವ ವಿಷಯದಲ್ಲಿ ಎರಡು ಪಕ್ಷಗಳಿವೆ, ಎರಡಕ್ಕೂ ನ್ಯಾಯವಿದೆ. ಹೃದಯ ಥಟ್ಟನೆ ನಿಂತ ದೊಡ್ಡವರ ರಕ್ತದಲ್ಲಿ ಮೊದಲ ಕೆಲವು ನಿಮಿಷಗಳಿಗೆ ಆಮ್ಲಜನಕ ಉಳಿದಿರುತ್ತದೆ; ಅದನ್ನು ಓಡಾಡಿಸಿದರೆ ಸಾಕು, ಒತ್ತುವುದನ್ನು ನಿಲ್ಲಿಸಬೇಡಿ ಎನ್ನುತ್ತದೆ ಒಂದು ಪಕ್ಷ. ಆದರೆ ನೀರಿನಲ್ಲಿ ಮುಳುಗಿದವರ, ಉಸಿರು ಕಟ್ಟಿದವರ, ಸಾಮಾನ್ಯವಾಗಿ ಮಕ್ಕಳ ಹೃದಯ ನಿಲ್ಲುವುದು ಆಮ್ಲಜನಕ ಮೊದಲೇ ಬರಿದಾಗಿದ್ದರಿಂದ. ಖಾಲಿ ರಕ್ತವನ್ನು ಓಡಾಡಿಸಿ ಏನು ಬಂತು, ಉಸಿರನ್ನೂ ಕೊಡಲೇಬೇಕು ಎನ್ನುತ್ತದೆ ಇನ್ನೊಂದು. ಆದ್ದರಿಂದ ಈಗಿನ ನಿಲುವು ಹೀಗಿದೆ: ತರಬೇತಿ ಇದ್ದರೆ 30 ಒತ್ತು, ಎರಡು ಉಸಿರು, ಇಲ್ಲದಿದ್ದರೆ ಒತ್ತುತ್ತಲೇ ಇರಿ, ಮಗುವಾದರೆ, ನೀರಿನಿಂದ ಎತ್ತಿದವರಾದರೆ ಉಸಿರನ್ನು ಬಿಡಬೇಡಿ.

ಪಕ್ಕೆಲುಬು ಮುರಿದರೆ ಎಂಬ ಭಯ ಬಹಳ ಮಂದಿಗಿದೆ. ಮುರಿಯಬಹುದು, ಮುರಿಯುತ್ತದೆ ಕೂಡ. ಹೃದಯ ನಿಂತವರಿಗೆ ಅದಕ್ಕಿಂತ ದೊಡ್ಡ ನಷ್ಟ ಈಗಾಗಲೇ ಆಗುತ್ತಿರುತ್ತದೆ. ಹೃದಯ ನಿಂತಿಲ್ಲದವರ ಎದೆಯನ್ನು ತಪ್ಪಾಗಿ ಒತ್ತಿದ ಪ್ರಕರಣಗಳಲ್ಲಿ ಗಂಭೀರ ಗಾಯ ಅಪರೂಪವೆಂದು ಅಧ್ಯಯನಗಳು ತೋರಿಸಿವೆ. ಅವರು ಕೈ ತಳ್ಳುತ್ತಾರೆ, ನೀವು ನಿಲ್ಲಿಸುತ್ತೀರಿ.

ಅದೇ ಪಟ್ಟಿ, ಎರಡು ಉತ್ತರ

ರಕ್ತಸ್ರಾವದ ಪಾಠವೂ ಹೀಗೇ ತಿರುವುಮುರುವಾಗಿದೆ. ಕೈಕಾಲಿಗೆ ಬಿಗಿಯಾದ ಪಟ್ಟಿ ಕಟ್ಟುವುದು ಕೊನೆಯ ಉಪಾಯ, ಅಂಗವೇ ಹೋದೀತು ಎಂದು ಒಂದು ಕಾಲಕ್ಕೆ ಹೆದರಿಸಲಾಗುತ್ತಿತ್ತು. ಇರಾಕ್ ಮತ್ತು ಆಫ್ಘಾನಿಸ್ತಾನದ ಯುದ್ಧಭೂಮಿಯ ಅನುಭವ ಆ ಭಯವನ್ನು ಕಡಿಮೆ ಮಾಡಿತು. ಈಗ ಕೈಯಿಂದ ಬಲವಾಗಿ ಅದುಮಿದರೂ ನಿಲ್ಲದ, ಚಿಮ್ಮುವ ರಕ್ತಕ್ಕೆ ಗಾಯದಿಂದ ಐದಾರು ಸೆಂಟಿಮೀಟರ್ ಮೇಲೆ, ಕೀಲನ್ನು ಬಿಟ್ಟು ಪಟ್ಟಿ ಬಿಗಿದು ಸಮಯ ಬರೆದಿಡಲು ಹೇಳುತ್ತಾರೆ. ಇದನ್ನು ಓದಿದವರು ಹಾವು ಕಚ್ಚಿದಾಗಲೂ ಬಿಗಿಯಲು ಹೋದರೆ ಅನಾಹುತ. ರಕ್ತಸ್ರಾವದಲ್ಲಿ ಹರಿವು ನಿಂತರೆ ಜೀವ ಉಳಿಯುತ್ತದೆ. ಹಾವಿನ ಕಡಿತದಲ್ಲಿ ವಿಷ ಬಿಗಿದ ಜಾಗದಲ್ಲೇ ಮಡುಗಟ್ಟಿ ಅಂಗ ಕೊಳೆಯಬಹುದು, ಪಟ್ಟಿ ಬಿಚ್ಚಿದೊಡನೆ ಒಮ್ಮೆಲೇ ನುಗ್ಗಬಹುದು. ಅಲ್ಲಿ ಬೇಕಿರುವುದು ಕಚ್ಚಿದ ಅಂಗ ಅಲುಗದಂತೆ ಇಟ್ಟು ಬೇಗ ಆಸ್ಪತ್ರೆ ಸೇರಿಸುವುದು. ಕೊಯ್ಯುವುದು, ಹೀರುವುದು ಯಾವುದೂ ಬೇಡ.

ಪಾರ್ಶ್ವವಾಯುವಿನಲ್ಲಿ ಪಕ್ಕದವರ ಕೆಲಸ ಗುರುತಿಸುವುದು ಮಾತ್ರ. ನಗಲು ಹೇಳಿದರೆ ಬಾಯಿ ಒಂದು ಕಡೆ ಜೋತುಬೀಳುತ್ತದೆ, ಎರಡೂ ಕೈ ಎತ್ತಿದರೆ ಒಂದು ಕೆಳಗಿಳಿಯುತ್ತದೆ, ಮಾತು ತೊದಲುತ್ತದೆ. ಕೊನೆಯ ಬಾರಿ ಸರಿಯಾಗಿದ್ದ ಹೊತ್ತು ಯಾವುದು ಎಂದು ನೆನಪಿಡಬೇಕು, ಏಕೆಂದರೆ ಹೆಪ್ಪು ಕರಗಿಸುವ ಔಷಧದ ಗಡುವು ಸಾಮಾನ್ಯವಾಗಿ ನಾಲ್ಕೂವರೆ ಗಂಟೆ. ಇಲ್ಲಿ ಆಸ್ಪಿರಿನ್ ಕೊಡಬಾರದು. ಕೆಲವು ಪಾರ್ಶ್ವವಾಯುಗಳಿಗೆ ಕಾರಣ ಹೆಪ್ಪಲ್ಲ, ರಕ್ತಸ್ರಾವ. ಸ್ಕ್ಯಾನ್ ಇಲ್ಲದೆ ಯಾವುದೆಂದು ಹೇಳಲಾಗದು.

ಕೆಲವರಿಗೆ ಪೂರ್ತಿಯೋ, ಎಲ್ಲರಿಗೂ ಸ್ವಲ್ಪವೋ

ಸಮುದಾಯವನ್ನು ಸಜ್ಜುಗೊಳಿಸುವ ಬಗೆಯಲ್ಲೂ ಭಿನ್ನಮತವಿದೆ. ಅರ್ಧ ಕಲಿತವರಿಗಿಂತ ಚೆನ್ನಾಗಿ ಪಳಗಿದ ಕೆಲವರಿದ್ದರೆ ಸಾಕು ಎಂಬುದು ಒಂದು ವಾದ. ತುರ್ತು ಬಂದ ಗಳಿಗೆಯಲ್ಲಿ ಆ ಕೆಲವರು ಅಲ್ಲಿರುವುದಿಲ್ಲ ಎಂಬುದು ಇನ್ನೊಂದು. ಎರಡನೆಯದರ ಪರವಾಗಿರುವ ಪುರಾವೆ ಗಟ್ಟಿ. ಡೆನ್ಮಾರ್ಕ್ 2005ರಲ್ಲಿ ಶಾಲೆಗಳಲ್ಲಿ, ಮರುವರ್ಷ ಚಾಲನಾ ಪರವಾನಗಿಗೆ ಸಿಪಿಆರ್ ಕಲಿಕೆಯನ್ನು ಕಡ್ಡಾಯ ಮಾಡಿತು. 2001ರಿಂದ 2010ರ ನಡುವೆ ಅಲ್ಲಿ ಪಕ್ಕದಲ್ಲಿದ್ದವರು ಸಿಪಿಆರ್ ಮಾಡಿದ ಪ್ರಮಾಣ ಸುಮಾರು ಶೇ 21ರಿಂದ 45ಕ್ಕೆ ಏರಿತು. 30 ದಿನ ಬದುಕುಳಿದವರು ಶೇ 3.5ರಿಂದ 10.8ಕ್ಕೆ ಏರಿದರು. ಆಂಬುಲೆನ್ಸ್, ಆಸ್ಪತ್ರೆಗಳೂ ಆ ಅವಧಿಯಲ್ಲಿ ಸುಧಾರಿಸಿದ್ದವು, ಹಾಗಾಗಿ ಎಲ್ಲ ಶ್ರೇಯವನ್ನೂ ಕಲಿಕೆಗೇ ಕೊಡುವಂತಿಲ್ಲ. ಆದರೂ ಆಸ್ಪತ್ರೆಗೆ ಜೀವವಿದ್ದಾಗಲೇ ತಲುಪಬೇಕಲ್ಲ.

ಮಿಡಿತ ಸರಿಪಡಿಸುವ ವಿದ್ಯುತ್ ಯಂತ್ರ ಎಇಡಿ ವಿಷಯವೂ ಅಷ್ಟೆ. ಲಾಸ್ ವೇಗಸ್‌ನ ಕ್ಯಾಸಿನೊಗಳ ಭದ್ರತಾ ಸಿಬ್ಬಂದಿಗೆ ಇದನ್ನು ಕಲಿಸಿ ನಡೆಸಿದ ಅಧ್ಯಯನ 2000ದಲ್ಲಿ ಪ್ರಕಟವಾಯಿತು. ಕುಸಿದ ಮೂರು ನಿಮಿಷದೊಳಗೆ ಶಾಕ್ ಸಿಕ್ಕವರಲ್ಲಿ ಶೇ 74 ಮಂದಿ ಉಳಿದರು, ತಡವಾದವರಲ್ಲಿ ಶೇ 49. ಕ್ಯಾಸಿನೊದಲ್ಲಿ ಎಲ್ಲೆಲ್ಲೂ ಕ್ಯಾಮೆರಾ ಕಣ್ಣು, ಹೆಜ್ಜೆಗೊಬ್ಬ ಕಾವಲುಗಾರ. ಕುಸಿದವರು ಯಾರ ಕಣ್ಣಿಗೂ ಬೀಳದೆ ಹೋಗುವುದಿಲ್ಲ. ಯಂತ್ರವನ್ನು ಕೊಂಡು, ಸಂಜೆ ಬೀಗ ಹಾಕುವ ಕಚೇರಿಯೊಳಗೆ ನೇತುಹಾಕಿದರೆ ಆ ಲೆಕ್ಕ ಅನ್ವಯಿಸುವುದಿಲ್ಲ. ಹೃದಯ ಸ್ತಂಭನದ ಬಹುಪಾಲು ಪ್ರಕರಣಗಳು ನಡೆಯುವುದು ಮನೆಯಲ್ಲಿ.

ಹಿಂದೆ ಕಲಿತವರ ಗತಿ

ಹಳೆಯ ಪಾಠ ಕಲಿತವರು ಅಪರಾಧ ಮಾಡುತ್ತಿದ್ದರೇ ಎಂದರೆ ಇಲ್ಲ. ಉಸಿರು ಕಟ್ಟಿದವರ ಮುಂದೆ ಹೊಟ್ಟೆಯ ಒತ್ತು ಮಾತ್ರ ನೆನಪಿಗೆ ಬಂದರೆ ಅದನ್ನೇ ಮಾಡಬೇಕು. ಯಾವುದು ಮೊದಲು ಎಂದು ಯೋಚಿಸುತ್ತಾ ನಿಲ್ಲುವುದು ಎರಡಕ್ಕಿಂತಲೂ ಕೆಟ್ಟದ್ದು. ಕೆಲವು ವರ್ಷ ಹಳೆಯ ಭಿತ್ತಿಚಿತ್ರ, ಹೊಸ ವಿಡಿಯೊ ಎರಡೂ ಕಣ್ಣಿಗೆ ಬೀಳುತ್ತಲೇ ಇರುತ್ತವೆ, ಗೊಂದಲವೂ ಇರುತ್ತದೆ.

ಇನ್ನೊಂದು ಕೊರತೆಯನ್ನು ತಿದ್ದಲು ಕ್ರಮಸಂಖ್ಯೆ ಬದಲಿಸಿದರೆ ಸಾಲದು. ಸಾರ್ವಜನಿಕ ಸ್ಥಳದಲ್ಲಿ ಕುಸಿದ ಮಹಿಳೆಯರಿಗೆ ಪುರುಷರಿಗಿಂತ ಕಡಿಮೆ ಸಿಪಿಆರ್ ಸಿಗುತ್ತದೆ ಎಂದು ಹಲವು ಅಧ್ಯಯನಗಳು ತೋರಿಸಿವೆ. ಎದೆಯ ಮೇಲೆ ಕೈಯಿಡಲು ಸಂಕೋಚ, ಅಪವಾದದ ಭಯ. ಜೊತೆಗೆ ತರಬೇತಿಯ ಬೊಂಬೆಗಳೂ ಬಹುತೇಕ ಚಪ್ಪಟೆ ಎದೆಯವು. ಬೊಂಬೆಯ ಮೇಲೆ ಒಮ್ಮೆಯೂ ಮಾಡದ್ದನ್ನು ರಸ್ತೆಯಲ್ಲಿ ಮಾಡು ಎಂದರೆ ಯಾರಿಗಾದರೂ ಕೈ ತಡೆಯುತ್ತದೆ.

ಪ್ರಮಾಣಪತ್ರಗಳ ಅವಧಿ ಸಾಮಾನ್ಯವಾಗಿ ಎರಡು ವರ್ಷ. ಕೈ ಕಲಿತದ್ದು ಕೆಲವೇ ತಿಂಗಳುಗಳಲ್ಲಿ ಸಡಿಲವಾಗತೊಡಗುತ್ತದೆ, ಒತ್ತಿನ ಆಳ ಮೊದಲು ತಪ್ಪುತ್ತದೆ. ಎರಡು ವರ್ಷಕ್ಕೊಮ್ಮೆ ಇಡೀ ದಿನದ ತರಗತಿಗಿಂತ ಮೂರ್ನಾಲ್ಕು ತಿಂಗಳಿಗೊಮ್ಮೆ ಹತ್ತು ನಿಮಿಷ ಬೊಂಬೆಯನ್ನು ಒತ್ತಿಸುವುದು ಮೇಲು ಎಂಬ ಅಭಿಪ್ರಾಯ ಬಲವಾಗುತ್ತಿರುವುದು ಇದೇ ಕಾರಣಕ್ಕೆ. 12 ವರ್ಷದ ಮೇಲ್ಪಟ್ಟ ಮಕ್ಕಳಿಗೆ ಶಾಲೆಯಲ್ಲಿ ವರ್ಷಕ್ಕೆ ಎರಡು ಗಂಟೆ ಸಿಪಿಆರ್ ಕಲಿಸುವ ಯೋಜನೆಗೆ ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲೇ ಒಪ್ಪಿಗೆ ನೀಡಿದೆ. ಅದು ಕೇಳಿದ್ದು ವರ್ಷಕ್ಕೆ ಎರಡು ಗಂಟೆ, ಅಷ್ಟೆ.